ಅಪ್ಪನ ಕಾಲಿನ ಮಣಿಸರ, ಕಾಕಾನ ಪಂಚಾಂಗ

ನಮ್ಮ ಕಾಕಾನಿಗೆ ಪಂಚಾಂಗ ನೋಡದೆ ಸೀನು ಕೂಡ ಬರುತ್ತಿರಲಿಲ್ಲ. ಎಂಬತ್ತರ ದಶಕದ ಮಾತು. ಲಕ್ಷ್ಮೇಶ್ವರದ ನಮ್ಮ ಓಣಿಯ ಗುಡಿಯಲ್ಲಿ ಪೂಜೆ ಮಾಡುವುದು ಅಪ್ಪನ ಕೆಲಸ. ಅಪ್ಪನ ತಮ್ಮನಾದ ಕಾಕಾನದು ಬುದ್ಧಿ ಹೇಳುವ ಕೆಲಸ. ಅದಕ್ಕೆ ಒಂದು ದಿನವೂ ರಜೆ ಇರಲಿಲ್ಲ.

ಮುಂಡರಗಿ ಕಡೆ ಯಾರದೋ ಹೊಸ ಮನೆಯ ಪೂಜೆ ಮುಗಿಸಿ ಬರುವಾಗ ಅಪ್ಪ ಟ್ರ್ಯಾಕ್ಟರಿನಿಂದ ಬಿದ್ದು, ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡ. ಚರ್ಮ ಹರಿದಿತ್ತು. ಕಾಕಾ ಅವನನ್ನು ಆಸ್ಪತ್ರೆಗೆ ಒಯ್ಯದೆ ಎಲುಬು ಕಟ್ಟುವವನ ಹತ್ತಿರ ಒಯ್ದ. ಅವನು ತೆರೆದ ಗಾಯದ ಮೇಲೇ ಸೊಪ್ಪು ಮೆತ್ತಿ, ಬಿದಿರ ದಬ್ಬೆ ಇಟ್ಟು ಬಿಗಿದ. ತಿಂಗಳೊಳಗೆ ಕೀವು ಎಲುಬಿಗೇ ಇಳಿಯಿತು.

ಕಾಲು ತೆಗೆಯಬೇಕಾದೀತು ಎಂಬ ಹೊತ್ತಿಗೆ ಗದಗಿನ ಡಾಕ್ಟರರ ಹತ್ತಿರ ಹೋದೆವು. ಅವರು ಕೊಳೆತ ಎಲುಬನ್ನು ಕೆರೆದು ತೆಗೆದರು. ಎಲುಬಿಗೆಂದೇ ಇರುವ ಸಿಮೆಂಟಿನ ಪುಡಿಗೆ ಕೀವು ಕೊಲ್ಲುವ ಔಷಧಿ ಬೆರೆಸಿ, ಹಿಟ್ಟಿನಂತೆ ನಾದಿ, ಸಣ್ಣ ಸಣ್ಣ ಮಣಿ ಮಾಡಿ, ತಂತಿಗೆ ಪೋಣಿಸಿ ಗಾಯದೊಳಗೆ ಇಟ್ಟರು. ಇಂಜೆಕ್ಷನ್ ಮುಟ್ಟದ ಜಾಗದಲ್ಲಿ ಔಷಧಿ ಮಣಿಯಿಂದಲೇ ಒಸರುತ್ತದಂತೆ. ಆಮೇಲೆ ಇಡೀ ಸರವನ್ನು ಎಳೆದು ತೆಗೆಯಲೆಂದು ಕೊನೆಯ ಮಣಿಯನ್ನು ಚರ್ಮದ ಹೊರಗೆ ಬಿಟ್ಟಿದ್ದರು.

"ಹತ್ತನೇ ದಿನಕ್ಕ ಬರ್ರಿ. ತಡಾ ಮಾಡಿದ್ರ ಮಾಂಸ ಬೆಳದು ಮಣಿ ಹಿಡಕೊಂತೈತಿ, ಮತ್ತ ಕೊಯ್ಯಬೇಕಾಗತೈತಿ" ಎಂದರು. ನಾನು ಚೀಟಿಯಲ್ಲಿ ಬರೆದುಕೊಂಡೆ.

ಹತ್ತನೆಯ ದಿನ ಅಮಾವಾಸ್ಯೆ.

"ಅಮಾಸಿ ದಿನ ಮೈಯಿಂದ ಏನೂ ಕೀಳಬಾರದು" ಎಂದ ಕಾಕಾ. ಮರುದಿನ ಪಾಡ್ಯ. ಆಮೇಲೆ ಮಂಗಳವಾರ. ಆಮೇಲೆ ಅಪ್ಪನ ನಕ್ಷತ್ರಕ್ಕೆ ತಾರಾಬಲ ಇಲ್ಲ. ಹೀಗೆ ತಿಂಗಳು ಕಳೆಯಿತು. ಚೀಟಿ ನನ್ನ ಕೈಯಲ್ಲೇ ಇತ್ತು. ಮ್ಯಾಟ್ರಿಕ್ ಪಾಸಾದ ಶಾಣ್ಯಾಕಿ ನಾನು, ಬಾಯಿ ಬಿಡಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೆ ಇವತ್ತಿಗೂ ಇದೆ.

ಕೊನೆಗೆ ಗದಗಿಗೆ ಹೋದಾಗ ಡಾಕ್ಟರು ಎಳೆದರೆ ಮಣಿ ಬರಲಿಲ್ಲ. ಮತ್ತೆ ಕೊಯ್ದರು, ಮತ್ತೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿದರು. ಕೀವು ಹೋಯಿತು, ಕಾಲು ಉಳಿಯಿತು. ಆದರೆ ಮೊಣಕಾಲು ಮಡಚದಾಯಿತು.

"ಚಕ್ಕಳಮಕ್ಕಳ ಹಾಕಿ ಕುಂದ್ರಾಕ ಬರಲಾರದವ ಪೂಜಿ ಹ್ಯಾಂಗ ಮಾಡ್ತಾನ?" ಎಂದು ಕಾಕಾ ತಾನೇ ಮಡಿಯುಟ್ಟು ಗರ್ಭಗುಡಿಗೆ ಹೊಕ್ಕ.

"ಸ್ಟೂಲ್ ಮ್ಯಾಲೆ ಕುಂತು ಮಾಡಲಿ" ಎಂದೆ. ಈ ಸಲ ಬಾಯಿ ಬಿಟ್ಟಿದ್ದೆ.

"ದೇವರ ಮುಂದ ಸ್ಟೂಲ್? ಅದೇನು ತಹಶೀಲ್ದಾರ ಕಚೇರಿಯೇನು? ಶಾಸ್ತ್ರದಾಗ ಇಲ್ಲ."

ಅಪ್ಪ ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಪತ್ರಿ ಆರಿಸತೊಡಗಿದ. ಒಳಗೆ ಕಾಕಾ ಮಂತ್ರ ತಪ್ಪಿದಾಗಲೆಲ್ಲ ಇವನ ತುಟಿ ಅಲುಗುತ್ತಿತ್ತು.

ಮರುವರ್ಷ ಕಾಕಾ ಗುಡಿಯ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ. ನಾನು ಪಂಚಾಂಗ ತೆರೆದು ಹಿಡಿದೆ.

"ಕಾಕಾ, ಇವತ್ತ ಅಮಾಸಿ. ನಾಳಿ ಪಾಡ್ಯ. ಆಮ್ಯಾಲೆ ಮಂಗಳವಾರ ಬರತೈತಿ."

"ಮುಚ್ಚ ಬಾಯಿ. ಗದಗಿನ ಬಸ್ ಎಷ್ಟಕ್ಕೈತಿ ನೋಡ."

"ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ" ಎಂದು ಅವ್ವ ಒಲೆಯ ಮುಂದೆ ಗೊಣಗಿದಳು.

ಹೊರಡುವ ಮುಂಚೆ ಕಾಕಾನಿಗೆ ದೇವರ ನೆನಪಾಯಿತು. ಅಂದು ಪೂಜೆ ತಪ್ಪಿದರೆ ಆಚೆ ಮನೆಯ ದಾಯಾದಿಗಳು ಪೂಜೆಯ ಹಕ್ಕು ತಮ್ಮದೆಂದು ಒಳಗೆ ಬರುತ್ತಾರೆ, ಬಂದವರು ಹೊರಗೆ ಹೋಗುವುದಿಲ್ಲ. ಅವನು ಎಡಗೈಯಲ್ಲಿ ತಾನೇ ಸ್ಟೂಲ್ ಎತ್ತಿ ತಂದು ಅಪ್ಪನ ಮುಂದೆ ಇಟ್ಟ.

"ಅಣ್ಣಾ, ಸ್ಟೂಲ್ ಮ್ಯಾಲೆ ಕುಂತು ಮಾಡಿದ್ರೂ ನಡೀತೈತಿ. ಶಾಸ್ತ್ರದಾಗ ಐತಿ."

"ಯಾವ ಪುಟದಾಗ?" ಎಂದು ಅಪ್ಪ ಕೇಳಿದ.

ಕಾಕಾ ಬಸ್ಸಿಗೆ ಹೊತ್ತಾಯಿತೆಂದು ನಡೆದ. ಅಪ್ಪ ಮಡಿಯುಟ್ಟು, ಗರ್ಭಗುಡಿಯಲ್ಲಿ ಸ್ಟೂಲ್ ಹಾಕಿ ಕೂತ. ಕಾಕಾನ ಕೈಯ ಎಲುಬು ಕೂಡಿದ ಮೇಲೂ ಅಪ್ಪ ಅಲ್ಲಿಂದ ಏಳಲಿಲ್ಲ.