ಡ್ರೈವರಮ್ಮನ ಮೊದಲ ಓಟು

ನಮ್ಮ ಅತ್ತೆಯ ಬಗ್ಗೆ ಯಾರಾದರೂ "ಪಾಪ, ಬೇರೆ ದೇಶದಿಂದ ಬಂದವರು" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಎನ್ನಬೇಕಾದದ್ದು ಅವರ ಕೈಗೆ ಸಿಕ್ಕಿಕೊಂಡ ನಮ್ಮನ್ನು! ಗಂಡನ ಜೊತೆ ಒಂದೇ ಪೆಟ್ಟಿಗೆ ಹಿಡಿದು ಈ ಊರಿನಲ್ಲಿ ಇಳಿದಾಗ ಇಲ್ಲಿಯ ಮಾತಿನಲ್ಲಿ ಅವರಿಗೆ ಬರುತ್ತಿದ್ದದ್ದು 'ಎಷ್ಟು' ಮತ್ತು 'ಬೇಡ', ಅಷ್ಟೇ. ಆ ಎರಡರಲ್ಲೇ ಸಂಸಾರ ತೂಗಿಸಿದರು. ಆಮೇಲೆ ಡ್ರೈವಿಂಗ್ ಕಲಿತು, ನಮ್ಮ ಬಸ್ ಡಿಪೋದ ಮೊದಲ ಹೆಂಗಸು ಡ್ರೈವರ್ ಆಗಿ ಸೀಟಿನ ಮೇಲೊಂದು ದಿಂಬು ಹಾಕಿ ಕುಳಿತರು. ಅಂದಿನಿಂದ ಊರಿಗೆಲ್ಲ ಅವರು ಡ್ರೈವರಮ್ಮ.

ನಮ್ಮ ದೊಡ್ಡಾಸ್ಪತ್ರೆ ಇರುವುದು ದಿಬ್ಬದ ತುದಿಯಲ್ಲಿ. ಆಗ ಬಸ್ಸು ನಿಲ್ಲುತ್ತಿದ್ದದ್ದು ದಿಬ್ಬದ ಬುಡದಲ್ಲಿ. ಒಂದು ಬೆಳಿಗ್ಗೆ ಕೋಲೂರಿಕೊಂಡು ಇಳಿದ ಅಜ್ಜಿಯೊಬ್ಬಳು ಏರು ನೋಡಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಅತ್ತಳಂತೆ. ಅತ್ತೆ ಅದನ್ನು ಕನ್ನಡಿಯಲ್ಲಿ ಕಂಡರು. ಬಾಗಿಲು ಮತ್ತೆ ತೆರೆದು, "ಹತ್ತಿ ಅಜ್ಜಿ" ಎಂದು ಕೂಗಿ, ಮೊದಲ ಗೇರಿಗೆ ಹಾಕಿ, ತುಂಬಿದ ಬಸ್ಸನ್ನು ಹಾಗೇ ಆಸ್ಪತ್ರೆಯ ಗೇಟಿನವರೆಗೆ ಹತ್ತಿಸಿಬಿಟ್ಟರು! ಆಫೀಸಿಗೆ ಹೊತ್ತಾದವರು ಬಾಯಿಗೆ ಬಂದಂತೆ ಬೈದರು, ಉಳಿದವರು ಚಪ್ಪಾಳೆ ತಟ್ಟಿದರು. ಮರುದಿನವೂ ಅದೇ ಕಥೆ. ಡಿಪೋ ಮ್ಯಾನೇಜರ್ ಕರೆಸಿದರು.

"ಮನಸ್ಸಿಗೆ ಬಂದ ಕಡೆ ಓಡಿಸೋಕೆ ಇದೇನು ನಿಮ್ಮಪ್ಪನ ಗಾಡೀನಾ?"

"ನಮ್ಮಪ್ಪಂದಲ್ಲ ಸಾರ್. ಆಸ್ಪತ್ರೆಗೆ ಹೋಗೋರದು."

ಸಸ್ಪೆಂಡ್ ಆದರು. ಆದರೆ ಮಾರನೆಯ ಬೆಳಿಗ್ಗೆ ಡಿಪೋದ ಗೇಟಿನ ಮುಂದೆ ರೋಗಿಗಳು, ನರ್ಸುಗಳು, ಬೈದಿದ್ದ ಆಫೀಸಿನವರಲ್ಲೂ ಕೆಲವರು ಬಂದು ನಿಂತರು. ಒಂದು ಬಸ್ಸಿಗೂ ಹೊರಗೆ ಬರಲಾಗಲಿಲ್ಲ. ವಾರ ಕಳೆಯುವುದರೊಳಗೆ ಬಸ್ಸಿನ ಹಣೆಯ ಮೇಲೆ 'ದೊಡ್ಡಾಸ್ಪತ್ರೆ' ಎಂಬ ಬೋರ್ಡು ಬಂತು. ಸ್ಟಿಯರಿಂಗ್ ಹಿಂದೆ ಮತ್ತೆ ಅತ್ತೆಯೇ.

ನಿವೃತ್ತಿಯಾದ ವರ್ಷವೇ ಅವರಿಗೆ ಇಲ್ಲಿಯ ಪೌರತ್ವ ಸಿಕ್ಕಿತು. ಅದೇ ವರ್ಷ ನಗರಸಭೆ ಹೊಸ ರಾಗ ತೆಗೆಯಿತು: ಆಸ್ಪತ್ರೆ ಬಸ್ಸಿನಿಂದ ನಷ್ಟ, ಅದನ್ನು ನಿಲ್ಲಿಸಿ ಪೇಟೆಬೀದಿಗೆ ಓಡಿಸೋಣ. ಸದಸ್ಯರಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ. ನಮ್ಮ ವಾರ್ಡಿನ ಕುರ್ಚಿ ಖಾಲಿ. ಅದರಲ್ಲಿ ಯಾರು ಕೂರುತ್ತಾರೋ ಅವರ ಕೈಯಲ್ಲಿ ಬಸ್ಸಿನ ಜುಟ್ಟು. ಚುನಾವಣೆ ಬಂತು.

"ಊರಿಗೆ ಬಂದವಳು ನೀರಿಗೆ ಬಾರದಿರ್ತಾಳೇನೇ?" ಎಂದು ಅತ್ತೆ ಸೆರಗು ಬಿಗಿದು ನಿಂತೇಬಿಟ್ಟರು.

ಎದುರಾಳಿ ಔಷಧಿ ಅಂಗಡಿಯವರು. ಕೆಟ್ಟವರಲ್ಲ. ಆದರೆ ಅವರ ಅಂಗಡಿ ಇರುವುದು ಪೇಟೆಬೀದಿಯಲ್ಲಿ; ಬಸ್ಸು ಅತ್ತ ಬಂದರೆ ಅವರಿಗೇನೂ ಬೇಸರವಿರಲಿಲ್ಲ. ನಾನು, ನನ್ನ ಗಂಡ, ಡಿಪೋದ ಗೆಳೆಯರು ಮನೆಮನೆ ಸುತ್ತಿದೆವು. ನನ್ನ ಚಪ್ಪಲಿ ಕಿತ್ತುಹೋಯಿತು, ಗಂಟಲು ಕಟ್ಟಿತು. ಅಷ್ಟು ಖುಷಿಯ ದಿನಗಳನ್ನು ಮದುವೆಯಾದಾಗಲೂ ಕಂಡಿರಲಿಲ್ಲ!

ಎಣಿಕೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಬೆಂಚಿನ ಮೇಲೆ ಮತಪತ್ರಗಳ ಎರಡು ಕಟ್ಟುಗಳು ಬೆಳೆಯುತ್ತ ಹೋದವು. ಒಮ್ಮೆ ಅವರದು ಮುಂದೆ, ಒಮ್ಮೆ ನಮ್ಮದು. ನಾನು ಉಗುರು ಕಚ್ಚಿ ಮುಗಿಸಿ ಗಂಡನ ತೋಳು ಹಿಂಡುತ್ತಿದ್ದೆ. ಕೊನೆಗೆ ಅಧಿಕಾರಿ ಎದ್ದು ಕನ್ನಡಕ ಸರಿಮಾಡಿಕೊಂಡರು. "ಇಬ್ಬರಿಗೂ ಸಮ ಬಂದಿದೆ."

ಸಭಾಂಗಣವೆಲ್ಲ ಗುಂಯ್ ಎಂದಿತು. ಮತ್ತೆ ಎಣಿಸಿದರು. ಮತ್ತೆ ಸಮವೇ.

ಆಗ ಅತ್ತೆ ಔಷಧಿ ಅಂಗಡಿಯವರತ್ತ ತಿರುಗಿ ಮುಖವೆಲ್ಲ ಅರಳಿಸಿ, "ನನ್ನ ಓಟೂ ನಿಮಗೇ ಹಾಕಿದ್ದೆ ಸ್ವಾಮಿ!" ಎಂದರು.

ನನಗೆ ಕಣ್ಣು ಕತ್ತಲೆ ಬಂತು. "ಅತ್ತೆ! ಏನ್ ಮಾಡಿಬಿಟ್ರಿ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ!"

"ನನಗೆ ನಾನೇ ಹಾಕ್ಕೊಳ್ಳೋದಾ? ಪಂಕ್ತೀಲಿ ಕೂತು ತನ್ನ ಎಲೆಗೆ ತಾನೇ ಬಡಿಸ್ಕೊಂಡ ಹಾಗೆ. ಥೂ, ನಾಚಿಕೆಗೇಡು."

"ಒಂದು ಓಟು ಅತ್ತೆ! ಒಂದೇ ಒಂದು! ನಿಮಗೇ ಹಾಕ್ಕೊಂಡಿದ್ರೆ ಗೆದ್ದಿರ್ತಿದ್ರಿ!"

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ನಾನು ಹುಟ್ಟಿದ ಕಡೆ ಯಾರು ಗೆಲ್ತಾರೆ ಅಂತ ಮೊದಲೇ ಬರೆದಿಟ್ಟಿರ್ತಿದ್ರು ಕಣೇ. ಒಂದು ಓಟನ್ನ ಯಾರು ಲೆಕ್ಕಕ್ಕೆ ಇಡ್ತಾರೆ ಅಂದ್ಕೊಂಡೆ. ಇಲ್ಲಿ ಎಣಿಸಿದ್ರು! ನಂದನ್ನೂ ಎಣಿಸಿದ್ರು! ಅದು ಅಷ್ಟು ಭಾರ ಇತ್ತು ನೋಡೇ!"

ಗೆಲುವು ಕೈಬಿಟ್ಟ ಹೊತ್ತಿನಲ್ಲಿ ಇಷ್ಟು ಸಂಭ್ರಮ ಪಡುವವರ ಜೊತೆ ಜಗಳವಾಡುವುದಾದರೂ ಹೇಗೆ? ನನಗೆ ಅಳು ಬಂತು, ನಗು ಬಂತು, ಮತ್ತೆ ಅಳು ಬಂತು. ಸಮ ಬಂದಾಗಿನ ನಿಯಮದಂತೆ ಅಧಿಕಾರಿ ಸ್ಟೀಲ್ ಡಬ್ಬಿಯಲ್ಲಿ ಇಬ್ಬರ ಹೆಸರಿನ ಎರಡು ಚೀಟಿ ಹಾಕಿ ಕುಲುಕಿ ಒಂದನ್ನು ಎತ್ತಿದರು. ಔಷಧಿ ಅಂಗಡಿಯವರ ಹೆಸರು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಗೆ ಬಂದು ನಾನು ಒಲೆ ಹಚ್ಚಲೂ ಇಲ್ಲ, ಮುಸುಕು ಹಾಕಿ ಮಲಗಿದೆ.

ಬೆಳಿಗ್ಗೆ ಅತ್ತೆಯೇ ನನ್ನ ಮುಸುಕು ಎಳೆದರು. "ಏಳೇ. ಕೆಲಸ ಇದೆ."

ಅವರು ನೇರ ಹೋದದ್ದು ಔಷಧಿ ಅಂಗಡಿಗೆ. ಅಂಗಡಿಯವರು ಗಲ್ಲಾದ ಹಿಂದಿನಿಂದ ಗಡಬಡಿಸಿ ಎದ್ದರು. "ಬನ್ನಿ ಡ್ರೈವರಮ್ಮ, ಏನು ಕೊಡಲಿ?"

"ಔಷಧಿ ಬೇಡ. ನಾನು ನಿಮಗೆ ಓಟು ಹಾಕಿದವಳು. ನನ್ನ ಓಟಿಲ್ಲದಿದ್ರೆ ನಿಮ್ಮ ಚೀಟಿ ಡಬ್ಬೀಗೇ ಬೀಳ್ತಿರಲಿಲ್ಲ. ಹೌದೋ ಅಲ್ವೋ?"

"ಹೌದು..."

"ಹಾಗಾದ್ರೆ ಆಸ್ಪತ್ರೆ ಬಸ್ಸಿನ ವಿಷಯ ಮಾತಾಡೋಣ."

ಅಲ್ಲಿದ್ದ ಗಿರಾಕಿಗಳೆಲ್ಲ ಕಿವಿ ನಿಮಿರಿಸಿದರು. ಅಂದು ಒಪ್ಪಿಸಲಾಗಲಿಲ್ಲ. ಮರುದಿನ ಮತ್ತೆ ಹೋದರು, ಅದರ ಮರುದಿನವೂ. ಒಂದು ದಿನ ಅಂಗಡಿಯವರ ಕೈಹಿಡಿದು ಹಳೆಯ ನಿಲ್ದಾಣದಿಂದ ಆಸ್ಪತ್ರೆಯವರೆಗೆ ದಿಬ್ಬ ಹತ್ತಿಸಿದರು. ಅರ್ಧದಲ್ಲೇ ಅವರು ಸೊಂಟ ಹಿಡಿದು ನಿಂತರಂತೆ. "ನಿಮ್ಮ ಅಂಗಡಿಗೆ ಬರೋರೆಲ್ಲ ಮೊದಲು ಇಲ್ಲಿಗೆ ಬಂದಿರ್ತಾರೆ, ಜ್ಞಾಪಕ ಇರಲಿ" ಎಂದರಂತೆ ಅತ್ತೆ. ನಾನು ಹುಟ್ಟಿದ್ದು ಇದೇ ಊರಲ್ಲಿ, ಓಟು ಹಾಕಿ ಶಾಯಿ ಒಣಗುವ ಮುಂಚೆಯೇ ಮರೆಯುವವಳು. ಈಗ ಅವರ ಹಿಂದೆ ಓಡಿ ಓಡಿ ನನಗೂ ಹುಮ್ಮಸ್ಸು ಹತ್ತಿತ್ತು.

ನಗರಸಭೆಯ ಸಭೆಗೆ ನಾವಿಬ್ಬರೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆವು. ಬಸ್ಸಿನ ವಿಷಯ ಬಂತು. ಈ ಕಡೆಯವರು ಕೈ ಎತ್ತಿದರು, ಆ ಕಡೆಯವರು ಕೈ ಎತ್ತಿದರು, ಸಮ. ಉಳಿದವರು ಔಷಧಿ ಅಂಗಡಿಯವರೊಬ್ಬರೇ. ಅತ್ತೆ ಸೀಟಿನ ತುದಿಗೆ ಸರಿದು ಕುಳಿತರು.

ಅಂಗಡಿಯವರು ಎದ್ದು ಗಂಟಲು ಸರಿಮಾಡಿಕೊಂಡರು. "ಆಸ್ಪತ್ರೆ ಬಸ್ಸು ನಿಲ್ಲಿಸೋಕೆ ನಾನು ಒಪ್ಪಲ್ಲ."

ಅಧ್ಯಕ್ಷರು ಹುಬ್ಬೇರಿಸಿದರು. "ನೀವೇ ಅಲ್ವೇನ್ರೀ ಪೇಟೆಗೆ ಬರಲಿ ಅಂದಿದ್ದು?"

"ಅಂದಿದ್ದೆ. ನಮ್ಮ ಮತದಾರರು ಬೇಡ ಅಂತಾರೆ."

"ಯಾವ ಮತದಾರರು?"

ಅವರು ತಿರುಗಿ ಹಿಂದಿನ ಸಾಲಿಗೆ ಕೈ ತೋರಿಸಿದರು. "ಅಗೋ, ಅವರು."

ಇಡೀ ಸಭೆ ತಿರುಗಿ ನೋಡಿತು. ನಮ್ಮ ಅತ್ತೆ ಹಾಜರಿ ಕೂಗಿದಾಗ ಏಳುವ ಶಾಲೆಯ ಹುಡುಗಿಯಂತೆ ತಟ್ಟನೆ ಎದ್ದು ನಿಂತು, "ಹೌದು, ನಾನೇ!" ಎಂದರು.