ಕಂಪ್ಯೂಟರಿಗೆ ದನಿ ಬರಿಸಿದ ರೆಹಾನಾ

ಕಣ್ಣು ಹೋದ ಮೇಲೆ ನನಗೆ ಎದುರಾದವರೆಲ್ಲ ಕೈ ಹಿಡಿದು, "ಯಾರು ಹೇಳಿ ನೋಡಾಣ" ಎನ್ನುತ್ತಿದ್ದರು. ರೆಹಾನಾ ಒಮ್ಮೆಯೂ ಹಾಗೆ ಕೇಳಲಿಲ್ಲ. "ಅಕ್ಕಾ, ರೆಹಾನಾ ಬಂದೀನಿ. ಕೈಯಾಗೆ ಟೀ ಐತೆ, ಬಿಸಿ" ಎನ್ನುತ್ತಲೇ ಒಳಗೆ ಬರುತ್ತಿದ್ದಳು.

ಹಿರಿಯೂರಿನ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಟೀಚರು, ಅವಳು ಕಂಪ್ಯೂಟರ್ ಟೀಚರು. ಜವನಗೊಂಡನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬಾಯಲ್ಲಿ ಸದಾ ಒಂದು ಲವಂಗ. ಮಾತಿಗೆ ಕೂತು ಬಸ್ಸು ತಪ್ಪಿಸಿಕೊಳ್ಳುವಳು, ಮರುದಿನ ಅದನ್ನೇ ಕಥೆ ಮಾಡಿ ಹೇಳಿ ನಗುವಳು. ನನ್ನ ದೃಷ್ಟಿ ಪೂರ್ತಿ ಹೋದಾಗ ಮನೆಯವರೂ ರಾಜೀನಾಮೆ ಕೊಡು ಎಂದಿದ್ದರು. ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಂ ಹಾಕಿಕೊಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಕೀಲಿಗಳ ಮೇಲಿಟ್ಟು ಕಲಿಸಿದವಳು ಅವಳು.

ಒಂದು ಬೆಳಿಗ್ಗೆ ಆ ಕಂಪ್ಯೂಟರು ಮಾತಾಡಲಿಲ್ಲ. ಹಿಂದಿನ ದಿನ ಯಾರೋ ಬಂದು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ ಹೋಗಿದ್ದರು. ಒಳಗೆ ಫ್ಯಾನು ತಿರುಗುವುದು ಕೇಳುತ್ತಿತ್ತು, ಅಷ್ಟೇ. ಆ ಮಧ್ಯಾಹ್ನವೇ ಆಡಳಿತ ಮಂಡಳಿಯವರು ನನ್ನ ಪಾಠ ಕೇಳಿ, ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವವರಿದ್ದರು. ಪಾಠದ ಟಿಪ್ಪಣಿಯೆಲ್ಲ ಅದರಲ್ಲೇ ಇತ್ತು.

"ಕೆಟ್ಟೋತೇನೇ ರೆಹಾನಾ?"

ಅವಳು ಪರದೆ ನೋಡಿದಳು. "ಏನೂ ಕೆಟ್ಟಿಲ್ಲ ಕಣಕ್ಕ, ನಿಮ್ ಟಿಪ್ಪಣಿ, ಓದೋ ಪ್ರೋಗ್ರಾಂ ಎಲ್ಲಾ ಹಂಗೇ ಐತೆ. ಆನ್ ಮಾಡಿದ್ ಕೂಡ್ಲೆ ಸಿಸ್ಟಂ ಒಳಗಿರೋವುನ್ನೆಲ್ಲ ಯಾರ್ ನೀನು ಅಂತ ಕೇಳ್ತೈತೆ. ಡಿಸ್ಕು, ಸೌಂಡ್ ಕಾರ್ಡು, ಎಲ್ಲಾವೂ ತಂತಮ್ ನಂಬರ್ ಹೇಳ್ತವೆ. ಆ ನಂಬರಿಗೆ ಒಪ್ಪೋ ಡ್ರೈವರ್ ಹುಡುಕಿ ಹಾಕ್ಕಂತೈತೆ. ಅದ್ರತ್ರ ಹೆಂಗೆ ಕೆಲಸ ತಗಬೇಕು ಅಂತ ಗೊತ್ತಿರೋ ಪ್ರೋಗ್ರಾಮೇ ಡ್ರೈವರ್. ನಿಮ್ ಸೌಂಡ್ ಕಾರ್ಡ್ ನಂಬರ್ ಹೇಳೈತೆ. ಹೊಸ ಸಿಸ್ಟಂನಾಗೆ ಅದಕ್ ಡ್ರೈವರ್ ಇಲ್ಲ, ಅದುಕ್ಕೇ ದನಿ ಬರ್ತಿಲ್ಲ."

ಇಳಿಸಿಕೊಳ್ಳೋಣವೆಂದರೆ ಅಂದು ಇಂಟರ್‌ನೆಟ್ಟೂ ಇರಲಿಲ್ಲ. ಲ್ಯಾಬಿಗೆ ಓಡಿ ಯುಎಸ್‌ಬಿ ಹೆಡ್‌ಫೋನ್ ತಂದು ಸಿಕ್ಕಿಸಿದಳು. "ಇದ್ರೊಳಗೇ ಬೇರೆ ಸೌಂಡ್ ಕಾರ್ಡ್ ಐತೆ. ಇಂಥವುಕ್ಕೆ ಬೇಕಾದ ಡ್ರೈವರ್ ಸಿಸ್ಟಂನಾಗೇ ಇರ್ತೈತೆ. ತಡೀರಿ." ಕಿವಿಗೆ ಇಟ್ಟಳು. ಸ್ವಲ್ಪ ಹೊತ್ತಿಗೆ ಆ ಒಣ ದನಿ ನನ್ನ ಪಾಠವನ್ನು ಓದತೊಡಗಿತು. ನಾನು ಅತ್ತುಬಿಟ್ಟೆ. ಮಧ್ಯಾಹ್ನ ಪಾಠ ಮಾಡಿದೆ, ಕೆಲಸ ಉಳಿಯಿತು.

ಹೋದ ವರ್ಷ ರೆಹಾನಾಗೆ ಪಾರ್ಶ್ವವಾಯು ಬಡಿಯಿತು. ಚಿತ್ರದುರ್ಗದ ಆಸ್ಪತ್ರೆಗೆ ಹೋದೆ. ಅವಳ ಅಮ್ಮ, "ಕುಂತ್ಕಳ್ರಿ ಟೀಚರ್" ಎಂದು ಮಂಚದ ಪಕ್ಕ ಕೂರಿಸಿದರು. "ಬಲಗೈ ಆಡಲ್ಲ, ಮಾತೂ ನಿಂತೈತೆ. ನಿಮ್ಮುನ್ನೇ ನೋಡ್ತಾವ್ಳೆ."

ಲವಂಗದ ವಾಸನೆ ಇರಲಿಲ್ಲ, ಔಷಧಿಯದೇ ಇತ್ತು. ಅವಳು ಎಡಗೈಯಿಂದ ನನ್ನ ಅಂಗೈ ಬಿಡಿಸಿ, ಬೆರಳಿನಿಂದ ಏನೋ ಬರೆಯತೊಡಗಿದಳು. ಒಂದು ಗೆರೆ, ಒಂದು ಸುತ್ತು, ಮತ್ತೆ ಗೆರೆ. ಕನ್ನಡವೋ ಉರ್ದುವೋ ತಿಳಿಯಲಿಲ್ಲ.

"ಇನ್ನೊಂದ್ಸಲ ಬರಿಯೇ."

ಬರೆದಳು. ಮತ್ತೆ ಬರೆದಳು. ಬೆರಳು ಸೋಲುತ್ತಿತ್ತು.

"ಗೊತ್ತಾತು ಕಣೇ" ಎಂದೆ. ಅವಳ ಕೈ ಸಡಿಲಾಗಿ ನನ್ನ ಅಂಗೈಯಲ್ಲೇ ಉಳಿಯಿತು.

"ನಗ್ತಾವ್ಳೆ ನೋಡ್ರಿ ಟೀಚರ್" ಎಂದರು ಅವಳ ಅಮ್ಮ.

ಆ ವಾರವೇ ತೀರಿಕೊಂಡಳು. ಏನು ಬರೆದಳೋ, ನನಗೆ ಗೊತ್ತಾಗಲೇ ಇಲ್ಲ.