ದೊಡ್ಡಪ್ಪನ ಎದೆಯ ಮೇಲಿನ ನೇರಳೆ ಚೌಕ

ಊರಲ್ಲಿ ನನ್ನ ಅಣಕದಿಂದ ಪಾರಾದವರು ಎರಡೇ ಬಗೆಯವರು: ತೀರಿಹೋದವರು ಮತ್ತು ನಮ್ಮವ್ವ. ತೀರಿಹೋದವರಿಗೆ ಧ್ವನಿ ಇರಲಿಲ್ಲ, ಅವ್ವನ ಕೈಯಲ್ಲಿ ಸೌಟು ಇರುತ್ತಿತ್ತು. ನನಗಾಗ ಇಪ್ಪತ್ತು ವರ್ಷ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದರೂ ಬುದ್ಧಿ ಬಂದಿರಲಿಲ್ಲ.

ಹೀಗಾಗಿ ದೊಡ್ಡಪ್ಪನ ಉಸಿರು ಸೀಟಿ ಹೊಡೆಯತೊಡಗಿದಾಗ ಅದನ್ನೂ ಕಲಿತುಬಿಟ್ಟೆ. ಉಮದಿಯ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದ ಅವರು ಒಂದು ಮಾತು ಮುಗಿಸಲು ಮೂರು ಸಲ ನಿಲ್ಲುತ್ತಿದ್ದರು. ಅಡ್ಡಾದರೆ ಉಸಿರು ಕಟ್ಟುತ್ತಿತ್ತು. ಎರಡು ತಿಂಗಳಿಂದ ಕೌದಿಯ ಗಂಟಿಗೆ ಒರಗಿ ಕುಳಿತೇ ನಿದ್ದೆ.

“ಒಂದ ಸಲ ಬೆನ್ನ ನೆಲಕ್ಕ ಹಚ್ಚಿ ಮಲಗಬೇಕೋ ತಮ್ಮಾ. ಅಷ್ಟಾದ್ರ ಸಾಕು,” ಎನ್ನುತ್ತಿದ್ದರು.

ನಾನೂ ದೊಡ್ಡವ್ವನೂ ಅವರನ್ನು ಮಿರಜದ ಕಡೆಯ ದೊಡ್ಡ ದವಾಖಾನೆಗೆ ಕರೆದೊಯ್ದೆವು. ನಡೆದಾಗ ಉಸಿರು ಹೇಗಾಗುತ್ತದೆಂದು ಡಾಕ್ಟರರು ಮರಾಠಿಯಲ್ಲಿ ಕೇಳಿದರು. ನಾನು ನಾಲ್ಕು ಹೆಜ್ಜೆ ನಡೆದು ಆ ಸೀಟಿಯನ್ನೂ ಕೊನೆಯ ಗೊರಗೊರವನ್ನೂ ಮಾಡಿ ತೋರಿಸಿದೆ. ಆಗಷ್ಟೇ ಒಳಗೆ ಬಂದ ನರ್ಸ್ ಗಾಬರಿಯಿಂದ ನನ್ನನ್ನೇ ಮಂಚಕ್ಕೆ ಕೂರಿಸಿದಳು.

ಎದೆಯೊಳಗಿನ ಫೋಟೋ ತೆಗೆದು ನೋಡಿ ಡಾಕ್ಟರರು ನಿಜ ಹೇಳಿದರು. ಪುಪ್ಪುಸದಲ್ಲಿ ಅರ್ಬುದದ ಗಂಟು, ಅದು ಶ್ವಾಸನಾಳವನ್ನು ಒತ್ತುತ್ತಿದೆ. ತೆಗೆಯಲಾಗದು. ಕಿರಣ ಹಾಯಿಸಿದರೆ ತುಸು ಕುಗ್ಗಿ ಉಸಿರಿಗೆ ದಾರಿಯಾದೀತು, ರೋಗ ಹೋಗದು.

“ದಾರಿ ಆದ್ರ ಸಾಕ್ರಿ ಸಾಹೇಬ್ರ,” ಎಂದರು ದೊಡ್ಡಪ್ಪ.

ಕಿರಣ ಬೀಳಬೇಕಾದ ಜಾಗಕ್ಕೆ ಅಳತೆ ಹಿಡಿದು ಎದೆಯ ಮೇಲೆ ನೇರಳೆ ಶಾಯಿಯಿಂದ ಚೌಕ ಬರೆದರು. ಅಳಿಸಬಾರದೆಂದು ನನಗೆ ಎರಡೆರಡು ಸಲ ಹೇಳಿದರು. ನಾನು ನಾವು ಇಳಿದುಕೊಂಡಿದ್ದ ಧರ್ಮಶಾಲೆಗೆ ಮರಳಿ ಡಾಕ್ಟರರ ಅಣಕ ಮಾಡುವುದರಲ್ಲಿ ಆ ಮಾತನ್ನೇ ನುಂಗಿಬಿಟ್ಟೆ.

ಬೆಳಗ್ಗೆ ದೊಡ್ಡಪ್ಪ ಎಂದಿನಂತೆ ಜಳಕ ಮಾಡಿ, ಲಿಂಗಪೂಜೆಗೆ ಕುಳಿತು, ಎದೆಯ ಮೇಲೆ ಮೂರು ಬೆರಳು ವಿಭೂತಿ ಎಳೆದರು. ಚೌಕ ಹೋಗಿ ನೇರಳೆ ವಿಭೂತಿ ಉಳಿಯಿತು. ಮತ್ತೆ ಅಳತೆ ಹಿಡಿಯುವಷ್ಟರಲ್ಲಿ ಆ ದಿನದ ಪಾಳಿ ತಪ್ಪಿತು. ನಾನು ಡಾಕ್ಟರರಿಂದ ಚೆನ್ನಾಗಿ ಬೈಸಿಕೊಂಡೆ.

ದೊಡ್ಡಪ್ಪನದು ಒಂದೇ ಹಟ: “ಜಳಕ ಇಲ್ಲದ ಪೂಜಿ ಹೆಂಗ ಮಾಡ್ಲಿ? ಪೂಜಿ ಇಲ್ಲದ ಬಾಯಾಗ ನೀರ ಹಾಕಂಗಿಲ್ಲ ನಾ.”

ನಾನು ಡಾಕ್ಟರರ ಧ್ವನಿ ತೆಗೆದು ಗದರಿಸಿದೆ. ದೊಡ್ಡಪ್ಪನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ಉಸಿರೇ ಇಲ್ಲ. ಕಣ್ಣು ಮೇಲಾದವು. ಮರಳಿ ಉಸಿರು ಬರುವವರೆಗೆ ಬೆನ್ನು ನೀವುತ್ತ ನನ್ನನ್ನೇ ಬೈದುಕೊಂಡೆ.

ಆಗ ದೊಡ್ಡವ್ವ ಎದ್ದಳು. “ಸೊಂಟದ ಕೆಳಗ ನೀರ ಹಾಕ್ತೀನಿ, ಮ್ಯಾಲ ಹಸಿ ಅರಬಿಲೆ ಕೈ ಮಾರಿ ಒರಸ್ತೀನಿ. ಹಣಿಗಿ ತೋಳಿಗಿ ನೀವು ಹಚ್ಕೋರಿ. ನಿಮ್ಮ ಎದಿ ಪಾಲಿನ ಇಬತ್ತಿ ನಾ ಹಚ್ಕೋತೀನಿ.”

“ಅದು ನಡೀತೈತೇನ?”

“ಯಾಕ ನಡ್ಯಂಗಿಲ್ಲ? ದೇವರಿಗಿ ಮನಿ ಮಂದಿ ಗುರ್ತ ಇಲ್ಲೇನ್ರಿ?”

ಅಂದಿನಿಂದ ದೊಡ್ಡವ್ವನ ಹಣೆಯ ಮೇಲೆ ಇಬ್ಬರ ವಿಭೂತಿ. ಚೌಕ ಅಳಿಯಲಿಲ್ಲ, ಪಾಳಿ ತಪ್ಪಲಿಲ್ಲ. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಸೀಟಿ ಸಣ್ಣಗಾಯಿತು. ದೊಡ್ಡಪ್ಪ ಆಮೇಲೆ ಐದು ತಿಂಗಳಷ್ಟೇ ಇದ್ದರು. ಆದರೆ ಮೂರನೆಯ ವಾರದ ಒಂದು ಮಧ್ಯಾಹ್ನ, ರೊಟ್ಟಿ ಉಂಡು, ಕೌದಿಯ ಗಂಟು ಬಿಚ್ಚಿ ಹಾಸಿ, ಹೆದರುತ್ತಲೇ ಬೆನ್ನು ನೆಲಕ್ಕೆ ಹಚ್ಚಿದರು. ನಾವಿಬ್ಬರೂ ಅವರ ಎದೆಯನ್ನೇ ನೋಡುತ್ತ ಕುಳಿತೆವು. ಏರಿತು, ಇಳಿಯಿತು. ನಿದ್ದೆ ಹತ್ತಿತು.

ತುಸು ಹೊತ್ತಿಗೆ ದೊಡ್ಡವ್ವನೂ ಪಕ್ಕದಲ್ಲಿ ಕಾಲು ಚಾಚಿದಳು. ಇಷ್ಟು ದಿನ ಅವಳೂ ಕುಳಿತೇ ರಾತ್ರಿ ಕಳೆದಿದ್ದಳೆಂಬುದು ನನಗೆ ಆಗಲೇ ಹೊಳೆದದ್ದು. ಗೊರಕೆ ಮಾತ್ರ ಅವರಿಗಿಂತ ಅವಳದೇ ಜೋರು.